ಸ್ಕೀ ತಾಣ ಯೋಜನೆ: ಲಿಫ್ಟ್ ಮತ್ತು ಪಿಸ್ತ್

ಹಿಮ ಹೊದ್ದ ಬೆಟ್ಟದಲ್ಲಿ ಜನರನ್ನು ಮೇಲಕ್ಕೊಯ್ಯುವ ಯಂತ್ರಗಳನ್ನೂ ಅವರು ಸ್ಕೀ ಕಟ್ಟಿಕೊಂಡು ಜಾರಿ ಇಳಿಯುವ ದಾರಿಗಳನ್ನೂ ಒಂದಕ್ಕೊಂದು ಹೊಂದುವಂತೆ ಗೊತ್ತುಮಾಡುವ ಕೆಲಸವೇ ಸ್ಕೀ ತಾಣ ಯೋಜನೆ. ಏರಿಸುವ ಯಂತ್ರ ಲಿಫ್ಟ್. ಕಲ್ಲು, ಪೊದೆ ತೆಗೆದು, ಹಿಮವನ್ನು ಯಂತ್ರದಿಂದ ಒತ್ತಿ ಹದಮಾಡಿ, ಅಂಚಿಗೆ ಗುರುತಿನ ಕಂಬ ನೆಟ್ಟ ಇಳಿದಾರಿ ಪಿಸ್ತ್. ಈ ಫ್ರೆಂಚ್ ಮಾತು ಯುರೋಪಿನ ಬೆಟ್ಟಗಳಲ್ಲೆಲ್ಲ ಬಳಕೆಯಲ್ಲಿದೆ. ಬರಿ ಬೆಟ್ಟದ ಮೇಲೆ ಹೊಸ ತಾಣ ಕಟ್ಟುವುದು ಈಗ ಆಲ್ಪ್ಸ್‌ನಲ್ಲೂ ಉತ್ತರ ಅಮೆರಿಕದಲ್ಲೂ ಅಪರೂಪ. ನಡೆಯುತ್ತಿರುವುದು ಬಹುಪಾಲು ಸುಧಾರಣೆ: ಹಳೆಯ ಲಿಫ್ಟ್ ಕಿತ್ತು ಹೊಸದು ಹಾಕುವುದು, ಪಿಸ್ತ್ ಅಗಲಿಸುವುದು, ಎರಡು ಕಣಿವೆಗಳನ್ನು ಜೋಡಿಸುವುದು, ಹಿಮ ತಯಾರಿಸಲು ನೀರು ಕೂಡಿಡುವುದು. ಸುಧಾರಣೆ ಎಂದ ಕೂಡಲೇ ಎಲ್ಲರ ಕಣ್ಣು ಹೊಸ ಲಿಫ್ಟಿನ ಮೇಲೆ ಬೀಳುತ್ತದೆ. ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲಿಂದಲೇ, ಏಕೆಂದರೆ ಏರುವ ದಾರಿ ಮತ್ತು ಇಳಿಯುವ ದಾರಿ ಒಂದೇ ಲೆಕ್ಕದ ಎರಡು ಬದಿಗಳು.

ಲಿಫ್ಟ್ ಬರುವ ಮೊದಲು ಆಟಗಾರರು ಸ್ಕೀ ಪಟ್ಟಿಗಳ ಅಡಿಗೆ ಸೀಲ್ ಚರ್ಮ ಕಟ್ಟಿಕೊಂಡು ಗಂಟೆಗಟ್ಟಲೆ ಏರುತ್ತಿದ್ದರು. ಅಷ್ಟು ದಣಿವಿಗೆ ಸಿಗುತ್ತಿದ್ದುದು ಒಂದು ಇಳಿತ. 1934ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಎಂಜಿನಿಯರ್ ಅರ್ನ್‌ಸ್ಟ್ ಕಾನ್‌ಸ್ಟಾಮ್ ರೂಪಿಸಿದ ಡ್ರ್ಯಾಗ್ ಲಿಫ್ಟ್ ಕೆಲಸ ಆರಂಭಿಸಿತು; ಓಡುವ ಉಕ್ಕಿನ ಹಗ್ಗಕ್ಕೆ ತೂಗಿದ ಕೊಕ್ಕೆಗೋಲು ಸ್ಕೀ ಕಟ್ಟಿದವರನ್ನು ನೆಲದ ಮೇಲೇ ಎಳೆದೊಯ್ಯುತ್ತಿತ್ತು. ಎರಡು ವರ್ಷದ ಬಳಿಕ ಅಮೆರಿಕದ ಸನ್ ವ್ಯಾಲಿಯಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಮೊದಲ ಚೇರ್‌ಲಿಫ್ಟ್ ನಿಲ್ಲಿಸಿತು. ಅದನ್ನು ಕಲ್ಪಿಸಿದ ಜೇಮ್ಸ್ ಕರನ್ ಅದಕ್ಕೂ ಮೊದಲು ಬಾಳೆಗೊನೆಗಳನ್ನು ಹಡಗಿಗೇರಿಸುವ ಹಗ್ಗದ ಯಂತ್ರ ಕಂಡವರು. ಗೊನೆಯ ಜಾಗದಲ್ಲಿ ಕುರ್ಚಿ ಬಂತು, ಅಷ್ಟೆ.

ಲಿಫ್ಟಿನ ಲೆಕ್ಕ

ಲಿಫ್ಟಿನ ಸಾಮರ್ಥ್ಯವನ್ನು ಅಳೆಯುವುದು ಗಂಟೆಗೆ ಎಷ್ಟು ಜನರನ್ನು ಮೇಲೆ ಮುಟ್ಟಿಸುತ್ತದೆ ಎಂಬುದರಿಂದ. ನಾಲ್ವರು ಕೂರುವ ಕುರ್ಚಿ ಆರು ಸೆಕೆಂಡಿಗೊಂದರಂತೆ ಹೊರಟರೆ ಗಂಟೆಗೆ 600 ಕುರ್ಚಿ, 2,400 ಜನ. ಇಲ್ಲಿ ಹಗ್ಗದ ವೇಗದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಕುರ್ಚಿ ಹಗ್ಗಕ್ಕೆ ಬಿಗಿದಿರುವ ಹಳೆಯ ಬಗೆಯ ಲಿಫ್ಟ್ ಸೆಕೆಂಡಿಗೆ ಸುಮಾರು 2.5 ಮೀಟರ್ ಓಡುತ್ತದೆ. ನಿಲ್ದಾಣದಲ್ಲಿ ಕುರ್ಚಿಯ ಹಿಡಿ ಹಗ್ಗದಿಂದ ಬಿಡಿಸಿಕೊಂಡು ನಿಧಾನವಾಗಿ, ಜನ ಕೂತ ಮೇಲೆ ಮತ್ತೆ ಹಗ್ಗ ಕಚ್ಚುವ ಬಗೆಯದು ಐದಾರು ಮೀಟರ್ ಓಡುತ್ತದೆ. 1981ರಲ್ಲಿ ಕೊಲರಾಡೊದ ಬ್ರೆಕೆನ್‌ರಿಡ್ಜ್‌ನಲ್ಲಿ ನಾಲ್ಕು ಆಸನದ ಇಂಥ ಲಿಫ್ಟ್ ಬಂದ ಮೇಲೆ ಎಲ್ಲ ಕಡೆಯೂ ಅದೇ ಬೇಕಾಯಿತು. ಆದರೆ ಎರಡೂ ಆರು ಸೆಕೆಂಡಿಗೊಂದು ಕುರ್ಚಿ ಕಳಿಸಿದರೆ ಎರಡರ ಸಾಮರ್ಥ್ಯವೂ 2,400. ವೇಗದ್ದು ಉಳಿಸುವುದು ಪ್ರಯಾಣದ ಹೊತ್ತನ್ನು ಮಾತ್ರ.

ಆ ಉಳಿತಾಯಕ್ಕೊಂದು ಬೆಲೆಯಿದೆ. ಒಂದೂವರೆ ಕಿಲೋಮೀಟರ್ ಉದ್ದದ ಲಿಫ್ಟ್ ಎಂದುಕೊಳ್ಳೋಣ. ಸೆಕೆಂಡಿಗೆ 2.5 ಮೀಟರಿನಂತೆ ಏರಲು ಹತ್ತು ನಿಮಿಷ. ಯಾವ ಗಳಿಗೆಯಲ್ಲೂ ಸುಮಾರು 400 ಜನ ಕುರ್ಚಿಗಳ ಮೇಲಿರುತ್ತಾರೆ. 5 ಮೀಟರಿನಂತೆ ಐದೇ ನಿಮಿಷ, ಕುರ್ಚಿಯ ಮೇಲೆ 200 ಜನ. ಉಳಿದ 200 ಜನ ಎಲ್ಲಿ ಹೋದರು? ಕೆಳಗಿನ ಸಾಲಿಗೆ, ಇಲ್ಲವೇ ಪಿಸ್ತ್‌ಗೆ. ಹಳೆಯ ಲಿಫ್ಟ್ ಅವರಿಗೆ ಗಾಳಿಯಲ್ಲಿ ಕೂರುವ ಜಾಗ ಕೊಟ್ಟು ಇಳಿಜಾರನ್ನು ಖಾಲಿ ಇಡುತ್ತಿತ್ತು. ಬಹುಜನ ಮೆಚ್ಚಿ ಕೇಳುವ ‘ವೇಗದ ಲಿಫ್ಟ್’ ಪಿಸ್ತ್ ಅಗಲಿಸದೆ ಬಂದರೆ ಇಳಿಜಾರಿನಲ್ಲಿ ನೂಕುನುಗ್ಗಲಾಗುವುದು ಇದರಿಂದಲೇ. ಆಸನಗಳನ್ನು ಆರಕ್ಕೋ ಎಂಟಕ್ಕೋ ಏರಿಸಿದರೆ ಒತ್ತಡ ಇನ್ನೂ ಹೆಚ್ಚುತ್ತದೆ. ಹಾಗಾಗಿ ಮೇಲಿನ ನಿಲ್ದಾಣದಿಂದ ಎಷ್ಟು ದಾರಿಗಳು ಒಡೆಯುತ್ತವೆ, ಅವು ಎಲ್ಲಿ ಮತ್ತೆ ಕೂಡುತ್ತವೆ, ಕೂಡುವಲ್ಲಿ ಅಗಲವೆಷ್ಟು ಎಂಬುದನ್ನು ನಕ್ಷೆಯಲ್ಲಿ ಮೊದಲು ಬರೆದು, ಕುರ್ಚಿಯ ಸಂಖ್ಯೆಯನ್ನು ಆಮೇಲೆ ತೀರ್ಮಾನಿಸಬೇಕು.

ಗಾಳಿ ಇನ್ನೊಂದು ಲೆಕ್ಕ. ದಿಣ್ಣೆಯ ನೆತ್ತಿಗೆ ಒಯ್ದ ಲಿಫ್ಟ್ ನೋಟಕ್ಕೆ ಚೆನ್ನ, ಆದರೆ ಗಾಳಿಯ ದಿನ ನಿಲ್ಲುತ್ತದೆ. ನೆತ್ತಿಗಿಂತ ಸ್ವಲ್ಪ ಕೆಳಗೆ, ಮರೆಯಲ್ಲಿ ಮುಗಿಸಿದ್ದು ಹೆಚ್ಚು ದಿನ ಓಡುತ್ತದೆ.

ಪಿಸ್ತ್

ಪಿಸ್ತ್‌ನ ಮೊದಲ ಗುಣ ಇಳಿಜಾರಿನ ಪ್ರಮಾಣ. ನೂರು ಮೀಟರ್ ಮುಂದೆ ಹೋಗುವಲ್ಲಿ 25 ಮೀಟರಿನವರೆಗೆ ಇಳಿದರೆ ಆಲ್ಪ್ಸ್‌ನ ಜರ್ಮನ್ ಭಾಷೆಯ ನಾಡುಗಳಲ್ಲಿ ಅದು ನೀಲಿ ದಾರಿ, 40ರವರೆಗೆ ಕೆಂಪು, ಅದಕ್ಕೂ ಕಡಿದಾದರೆ ಕಪ್ಪು. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭವಾದ ಹಸಿರೂ ಉಂಟು. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರದ ಗುರುತುಗಳು. ಅಲ್ಲಿ ಬಣ್ಣವನ್ನು ಆಯಾ ತಾಣದ ದಾರಿಗಳನ್ನು ಪರಸ್ಪರ ಹೋಲಿಸಿ ಕೊಡುವುದರಿಂದ ಒಂದು ಬೆಟ್ಟದ ನೀಲಿ ಇನ್ನೊಂದರಲ್ಲಿ ಕಪ್ಪಾಗಬಹುದು.

ಸರಾಸರಿ ಇಳಿಜಾರು ಮೋಸ ಮಾಡುತ್ತದೆ. ಇಡೀ ದಾರಿ ಮೆಲುವಾಗಿದ್ದು ನಡುವೆ ಐವತ್ತು ಮೀಟರ್ ಕಡಿದಿದ್ದರೆ, ಹೊಸಬರ ಪಾಲಿಗೆ ಆ ಐವತ್ತು ಮೀಟರೇ ಇಡೀ ಪಿಸ್ತ್. ಅವರೆಲ್ಲ ಅಲ್ಲಿ ನಿಲ್ಲುತ್ತಾರೆ, ಹಿಂದಿನಿಂದ ವೇಗವಾಗಿ ಬರುವವರು ಅಲ್ಲೇ ಬಂದು ಬಡಿಯುತ್ತಾರೆ. ಆ ತುಂಡನ್ನು ಬಳಸಿ ಹೋಗುವ ಒಂದು ಸುತ್ತುದಾರಿ ಕಡಿಯುವುದು ಸುಧಾರಣೆಗಳಲ್ಲೆಲ್ಲ ಅಗ್ಗದ್ದು, ಆದರೂ ಬಹಳ ಉಪಕಾರಿ. ಪತ್ರಿಕೆಯಲ್ಲಿ ಫೋಟೋ ಬರುವಂಥದಲ್ಲವಾದ್ದರಿಂದ ಅದು ಪಟ್ಟಿಯ ಕೊನೆಗೆ ಹೋಗುತ್ತದೆ ಎಂಬುದು ವಿಷಾದದ ಸಂಗತಿ.

ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖಮಾಡಿದ ಇಳಿಜಾರು ಬಿಸಿಲು ಕಡಿಮೆ ಉಂಡು ಹಿಮವನ್ನು ಹೆಚ್ಚು ದಿನ ಉಳಿಸುತ್ತದೆ. ಹಿಮಕುಸಿತದ ಜಾಡು ಪಿಸ್ತ್‌ಗೆ ಅಡ್ಡಬಂದರೆ ಬೆಟ್ಟದ ಮೇಲೆ ತಡೆಬೇಲಿ ಹಾಕುತ್ತಾರೆ, ಅಥವಾ ದಾರಿ ತೆರೆಯುವ ಮುನ್ನ ಸ್ಫೋಟದಿಂದ ಹಿಮವನ್ನು ಬೇಕೆಂದೇ ಕುಸಿಯಿಸುತ್ತಾರೆ.

ನೀರು

ಸ್ನೋ ಗನ್ ಎಂಬ ಯಂತ್ರ ನೀರನ್ನು ನುಣ್ಣಗೆ ಚಿಮ್ಮಿ ಗಾಳಿಯಲ್ಲೇ ಹೆಪ್ಪುಗಟ್ಟಿಸುತ್ತದೆ. 1950ರ ಸುಮಾರಿಗೆ ಅಮೆರಿಕದ ಕನೆಕ್ಟಿಕಟ್‌ನ ಮೊಹಾಕ್ ಮೌಂಟನ್‌ನಲ್ಲಿ ಮೊದಲ ಬಾರಿಗೆ ಸ್ಕೀ ಇಳಿಜಾರಿಗೆ ಬಳಕೆಯಾದ ಈ ಉಪಾಯ ಇಂದು ಯೋಜನೆಯ ನಡುಮನೆಗೇ ಬಂದಿದೆ. ಚಳಿಯಷ್ಟೇ ಸಾಲದು, ಗಾಳಿ ಒಣಗಿರಬೇಕು. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗೆ ತೋರಿಸಿದರೆ ಯಂತ್ರ ಓಡಿಸಲು ಬಂದೀತು. ಒಂದು ಹೆಕ್ಟೇರ್ ಮೇಲೆ 30 ಸೆಂಟಿಮೀಟರ್ ಹಾಸಲು 12ರಿಂದ 15 ಲಕ್ಷ ಲೀಟರ್ ನೀರು ಬೇಕು. ಚಳಿಗಾಲದಲ್ಲಿ ಬೆಟ್ಟದ ಹೊಳೆಗಳು ಸಣ್ಣಗಿರುವುದರಿಂದ ಬೇಸಿಗೆ, ಶರತ್ಕಾಲದ ನೀರನ್ನು ಎತ್ತರದ ಕೆರೆಯಲ್ಲಿ ಕೂಡಿಡುತ್ತಾರೆ. ಜಗಳ ಹುಟ್ಟುವುದು ಇಲ್ಲೇ. ಫ್ರಾನ್ಸಿನ ಲಾ ಕ್ಲುಸಾಜ್ ಊರು ಕಾಡಿನ ಅಂಚಿನಲ್ಲಿ 1,48,000 ಘನ ಮೀಟರಿನ ಕೆರೆ ತೋಡಲು ಹೊರಟಾಗ ವಿರೋಧಿಗಳು ಮರಗಳ ನಡುವೆ ಬೀಡುಬಿಟ್ಟರು. 2022ರ ಅಕ್ಟೋಬರ್‌ನಲ್ಲಿ ಗ್ರೆನೋಬ್ಲ್‌ನ ಆಡಳಿತ ನ್ಯಾಯಾಲಯ ಕೆಲಸಕ್ಕೆ ತಡೆ ಕೊಟ್ಟಿತು.

ಗ್ರಿಂಡೆಲ್‌ವಾಲ್ಡ್: ಒಂದು ದೊಡ್ಡ ಸುಧಾರಣೆ

ಸ್ವಿಟ್ಜರ್ಲೆಂಡಿನ ಬರ್ನ್ ಎತ್ತರನಾಡಿನ ಗ್ರಿಂಡೆಲ್‌ವಾಲ್ಡ್‌ನಲ್ಲಿ ಎರಡು ಬಗೆಯ ಜನ ಒಂದೇ ಹಲ್ಲುಗಾಲಿ ರೈಲಿಗೆ ಕಾಯುತ್ತಿದ್ದರು: ಇಳಿಜಾರಿಗೆ ಹೋಗುವ ಸ್ಕೀಯವರು, ಮತ್ತು ಯುಂಗ್‌ಫ್ರಾಯೋಖ್ ಎಂಬ ಎತ್ತರದ ನೋಟತಾಣಕ್ಕೆ ಬಂದ ಪ್ರವಾಸಿಗರು. ನಮ್ಮ ದೇಶದಿಂದ ಹೋಗುವವರು ಹೆಚ್ಚಾಗಿ ಈ ಎರಡನೆಯ ಗುಂಪಿಗೆ ಸೇರಿದವರು. ಇದಕ್ಕೆ ಉತ್ತರವಾಗಿ 2012ರಲ್ಲಿ ಮುಂದಿಟ್ಟ ಯೋಜನೆಯೇ ವಿ-ಬಾನ್. ಕಣಿವೆಯ ಒಂದೇ ನಿಲ್ದಾಣದಿಂದ ಎರಡು ಹಗ್ಗದಾರಿಗಳು ವಿ ಅಕ್ಷರದಂತೆ ಕವಲೊಡೆಯುತ್ತವೆ: ಒಂದು ಮೆನ್‌ಲಿಖನ್‌ಗೆ, ಇನ್ನೊಂದು ಐಗರ್ ಹಿಮನದಿಯ ಬಳಿಗೆ. ನೆಲಕ್ಕೆ ಗುದ್ದಲಿ ಬಿದ್ದದ್ದು 2018ರಲ್ಲಿ. ಮೆನ್‌ಲಿಖನ್ ಗೊಂಡೋಲಾ (ಮುಚ್ಚಿದ ಡಬ್ಬಿಗಳ ಲಿಫ್ಟ್) 2019ರ ಡಿಸೆಂಬರ್‌ನಲ್ಲಿ, ಐಗರ್ ಎಕ್ಸ್‌ಪ್ರೆಸ್ 2020ರ ಡಿಸೆಂಬರ್ 5ರಂದು ತೆರೆದವು. ಒಟ್ಟು ಖರ್ಚು ಸುಮಾರು 47 ಕೋಟಿ ಸ್ವಿಸ್ ಫ್ರಾಂಕ್.

ಐಗರ್ ಎಕ್ಸ್‌ಪ್ರೆಸ್‌ನಲ್ಲಿ ಹಗ್ಗ ಮೂರು: ಗಾಲಿ ಉರುಳಲು ಎರಡು, ಎಳೆಯಲು ಒಂದು. ಆದ್ದರಿಂದ ಆರೂವರೆ ಕಿಲೋಮೀಟರ್ ದಾರಿಗೆ ಏಳೇ ಕಂಬ ಸಾಕಾದವು, ಜೋರುಗಾಳಿಯಲ್ಲೂ ಓಡಿಸಬಹುದಾಯಿತು. 26 ಜನರ 44 ಡಬ್ಬಿಗಳು ಗಂಟೆಗೆ 2,200 ಮಂದಿಯನ್ನು ಹದಿನೈದು ನಿಮಿಷದಲ್ಲಿ ಮೇಲೊಯ್ಯುತ್ತವೆ. ಯುಂಗ್‌ಫ್ರಾಯೋಖ್‌ಗೆ ಹೋಗುವವರಿಗೆ 47 ನಿಮಿಷದ ಉಳಿತಾಯ. ಯಂತ್ರಕ್ಕಿಂತ ನನಗೆ ಜಾಣ್ಮೆಯದಾಗಿ ಕಾಣುವುದು ಕೆಳಗಿನ ಕೆಲಸ. ಕಣಿವೆಯ ರೈಲಿಗೆ ಹೊಸ ನಿಲ್ದಾಣ ಕಟ್ಟಿ, ರೈಲಿಳಿದವರು ನೇರ ಲಿಫ್ಟಿಗೆ ನಡೆಯುವಂತೆ ಮಾಡಿದರು. ಸ್ಕೀಯವರನ್ನೂ ನೋಟಕರನ್ನೂ ಮೇಲೆ ಬೇರೆ ಬೇರೆ ದಾರಿಗೆ ತಿರುಗಿಸಿದರು. ಆರು ವರ್ಷ ಕಾಗದದ ಮೇಲೆ ಕಳೆದದ್ದು ವ್ಯರ್ಥವಾಗಲಿಲ್ಲ.

ಒಪ್ಪಿಗೆ ಮತ್ತು ನಿರಾಕರಣೆ

ಎಲ್ಲ ನಕ್ಷೆಗಳೂ ಬೆಟ್ಟ ಹತ್ತುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1991ರಲ್ಲಿ ಪ್ರಸ್ತಾಪವಾದ ಜಂಬೋ ಗ್ಲೇಸಿಯರ್ ತಾಣವನ್ನು ಅಲ್ಲಿನ ಮೂಲನಿವಾಸಿ ಟುನಾಹ ಜನ ತಮ್ಮ ಪವಿತ್ರ ನೆಲವೆಂದು ವಿರೋಧಿಸಿದರು. ಸುಪ್ರೀಂ ಕೋರ್ಟಿನಲ್ಲಿ 2017ರಲ್ಲಿ ಅವರು ಸೋತರೂ 2020ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಆಸ್ಟ್ರಿಯಾದ ಪಿಟ್ಸ್‌ಟಾಲ್ ಮತ್ತು ಓಟ್ಸ್‌ಟಾಲ್ ಹಿಮನದಿಗಳ ತಾಣಗಳನ್ನು ಜೋಡಿಸುವ ಆಲೋಚನೆಗೆ 2022ರ ಜುಲೈಯಲ್ಲಿ ಸಾಂಕ್ಟ್ ಲಿಯೊನ್‌ಹಾರ್ಡ್ ಊರಿನವರು ಕೂದಲೆಳೆಯ ಅಂತರದಲ್ಲಿ ಬೇಡವೆಂದು ಮತ ಹಾಕಿದರು. ಫ್ರಾನ್ಸಿನಲ್ಲಿ 1985ರ ಪರ್ವತ ಕಾಯ್ದೆಯಿಂದೀಚೆಗೆ ಇಂಥ ದೊಡ್ಡ ಕೆಲಸಗಳಿಗೆ ಪ್ರತ್ಯೇಕ ಅನುಮತಿ ಬೇಕು.

ಗುಲ್ಮಾರ್ಗ್

ಭಾರತದಲ್ಲಿ ಈ ವಿಷಯವನ್ನು ಅರಿಯಲು ಕಾಶ್ಮೀರದ ಗುಲ್ಮಾರ್ಗ್‌ಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಬ್ರಿಟಿಷ್ ಅಧಿಕಾರಿಗಳು 1927ರಲ್ಲೇ ಇಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. 1948ರಲ್ಲಿ, ಕಾಶ್ಮೀರದ ಯುದ್ಧ ನಡೆದಿದ್ದಾಗ, 19ನೇ ಡಿವಿಷನ್‌ನ ದಂಡನಾಯಕರಾಗಿದ್ದ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಸೈನಿಕರಿಗಾಗಿ ಇಲ್ಲೊಂದು ಸ್ಕೀ ಶಾಲೆ ತೆರೆಸಿದರು; ಸೇನೆಯ ಎತ್ತರಪ್ರದೇಶ ಯುದ್ಧಶಾಲೆಯಾಗಿ ಬೆಳೆದದ್ದು ಅದೇ. ಕೊಡಗಿನ ನಂಟು ಈಗಲೂ ಇದೆ: ಕ್ರಾಸ್-ಕಂಟ್ರಿ ಸ್ಕೀಯಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿಬಂದ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದವರು. ಆ ಆಟಕ್ಕೆ ಲಿಫ್ಟ್ ಬೇಡ, ಏರಿಳಿತದ ಉದ್ದನೆಯ ಜಾಡು ಬೇಕು. ಯೋಜಕರು ಅದಕ್ಕೂ ಜಾಗ ತೆಗೆದಿಡಬೇಕು.

ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿ ಕಟ್ಟಿದ ಗುಲ್ಮಾರ್ಗ್ ಗೊಂಡೋಲಾದ ಮೊದಲ ಹಂತ 1998ರಲ್ಲಿ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲಿನಿಂದ ಕೊಂಗ್‌ಡೂರಿಗೆ ಏರಿತು. 2005ರಲ್ಲಿ ಎರಡನೆಯ ಹಂತ ಅಫರ್ವಾಟ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲೆ ಮುಟ್ಟಿತು. ಒಂದೇ ಟಿಕೆಟ್ಟಿನ ದಾರಿಯಲ್ಲಿ ಆಲ್ಪ್ಸ್‌ನವರೂ ಆಸೆಪಡುವಂಥ ಇಳಿತ ಸಿಕ್ಕಿತು. ಆದರೆ ಮೇಲಿಂದ ಕೆಳಗಿನವರೆಗೆ ಹದಮಾಡಿದ ಪಿಸ್ತ್‌ಗಳ ಜಾಲ ಲಿಫ್ಟಿನ ಜೊತೆ ಬೆಳೆಯಲಿಲ್ಲ. ಅಫರ್ವಾಟ್‌ನಲ್ಲಿ ಇಳಿದವರ ಮುಂದಿರುವುದು ಕಡಿದಾದ ಸಹಜ ಹಿಮ. ಗೊಂಡೋಲಾದ ಬುಡದ ಬೋಗುಣಿಯಂಥ ಇಳಿಜಾರನ್ನು ಸ್ಕೀ ಗಸ್ತಿನವರು ಹಿಮಕುಸಿತದ ಅಪಾಯ ನೋಡಿ ತೆರೆಯುತ್ತಾರೆ, ಮುಚ್ಚುತ್ತಾರೆ. ಅದರಾಚೆ ಹೋದವರ ಹೊಣೆ ಅವರದೇ. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು ಹಿಮಕುಸಿತದಲ್ಲಿ ತೀರಿಕೊಂಡರು. ನುರಿತವರಿಗೆ ಸ್ವರ್ಗ, ಊರ ಬಳಿಯ ಸಣ್ಣ ಇಳಿಜಾರುಗಳಲ್ಲಿ ಹೊಸಬರಿಗೆ ಪಾಠ. ಎರಡರ ನಡುವೆ, ಆಟ ಅರ್ಧ ಕಲಿತವರು ಹೋಗಬೇಕಾದ ದಾರಿ ತೀರ ಕಡಿಮೆ. ಕೊಂಗ್‌ಡೂರಿಯಿಂದ ಮೇರೀಸ್ ಶೋಲ್ಡರ್‌ಗೆ ಹೋಗುವ ಚೇರ್‌ಲಿಫ್ಟ್ ಈ ಅಂತರವನ್ನು ಕೊಂಚ ತುಂಬುತ್ತದೆ. ಮುಂದಿನ ಹಣ ಅಲ್ಲಿಗೇ, ಮಧ್ಯದ ಎತ್ತರದ ಕೆಂಪು ಮತ್ತು ನೀಲಿ ದಾರಿಗಳಿಗೇ ಹೋಗಬೇಕೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಇಲ್ಲಿ ಸಾಲಿನ ಲೆಕ್ಕವೂ ಬೇರೆ. ಗೊಂಡೋಲಾದ ಸಾಮರ್ಥ್ಯ ಗಂಟೆಗೆ ಸುಮಾರು 600. ಹತ್ತುವವರಲ್ಲಿ ಬಹಳ ಮಂದಿ ಹಿಮ ನೋಡಲು ಬಂದವರು. ಅವರು ಅದೇ ಡಬ್ಬಿಯಲ್ಲಿ ಇಳಿಯಬೇಕು. ಸ್ಕೀಯವರು ಒಂದು ಬದಿ ಬಳಸಿದರೆ ನೋಟಕರು ಎರಡೂ ಬದಿ ಬಳಸುತ್ತಾರೆ. ಗಾಳಿ ಎದ್ದು ಲಿಫ್ಟ್ ನಿಂತರೆ ಮೇಲಿರುವ, ಚಳಿಗೆ ಬಟ್ಟೆ ಸಾಲದ ಜನರನ್ನೆಲ್ಲ ಇಳಿಸುವ ಬಗೆಯನ್ನು ಮೊದಲೇ ಕಂಡುಕೊಂಡಿರಬೇಕು. ಹಗ್ಗದ ಇಕ್ಕೆಲದ ಮರಗಳೂ ಯೋಜನೆಗೆ ಸೇರಿದವೇ. 2017ರ ಜೂನ್ 25ರಂದು ಬಿರುಗಾಳಿಗೆ ಮರವೊಂದು ಬುಡಮೇಲಾಗಿ ಬಿದ್ದು, ಡಬ್ಬಿ ನೆಲಕ್ಕಪ್ಪಳಿಸಿ ಏಳು ಜನ ಸತ್ತರು. ಅವರಲ್ಲಿ ಮೂವರು ಅಲ್ಲಿನವರೇ.

ಉತ್ತರಾಖಂಡದ ಸ್ಕೀ ತಾಣ ಔಲಿಯ ಕಥೆ ನೆಲದ್ದು. ಅಲ್ಲಿಗೆ ಹೋಗುವ ನಾಲ್ಕು ಕಿಲೋಮೀಟರಿನ ರೋಪ್‌ವೇ ಹೊರಡುತ್ತಿದ್ದುದು ಜೋಶಿಮಠದಿಂದ. ಆ ಊರು ಹಳೆಯ ಭೂಕುಸಿತದ ಮಣ್ಣಿನ ಮೇಲಿದೆ, ಭಾರದ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಹೇಳಿತ್ತು. 2023ರ ಜನವರಿಯಲ್ಲಿ ಮನೆಗಳು ಬಿರುಕುಬಿಟ್ಟು ನೆಲ ಕುಸಿಯತೊಡಗಿದಾಗ ರೋಪ್‌ವೇ ನಿಂತಿತು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಾಗಿ ಮೇಲೆ ಹಿಮಯಂತ್ರ, ಕೆರೆ ಎಲ್ಲ ಇಟ್ಟಾಗಿತ್ತು. ತಳದ ನಿಲ್ದಾಣದ ನೆಲವೇ ನಿಲ್ಲಲಿಲ್ಲ.

ಹಿಮ ಕಡಿಮೆಯಾದಾಗ

2024ರ ಜನವರಿಯಲ್ಲಿ ಗುಲ್ಮಾರ್ಗ್ ಹುಲ್ಲು ಕಾಣುವಷ್ಟು ಬರಿದಾಗಿತ್ತು. 2025ರ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು. ಲಿಫ್ಟ್ ಒಂದರ ಆಯುಸ್ಸು ಮೂವತ್ತು, ನಲವತ್ತು ವರ್ಷ. ಇಂದು ಹಾಕುವ ಕಂಬ ಆ ಹೊತ್ತಿನ ಚಳಿಗಾಲವನ್ನೂ ಎದುರಿಸಬೇಕು. ಸಾಮಾನ್ಯವಾಗಿ ಯೋಜಕರು ಇನ್ನೂ ಎತ್ತರಕ್ಕೆ ಏರುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟದ ಮೆತಾಬಿಯೆಫ್‌ಗೆ ಏರಲು ಎತ್ತರವಿರಲಿಲ್ಲ. ಅಲ್ಲಿನವರು ದೊಡ್ಡ ಲಿಫ್ಟಿಗೆ ಮತ್ತೆ ಹಣ ಹಾಕದೆ, ಇರುವುದನ್ನು ದುರಸ್ತಿ ಮಾಡಿಕೊಂಡು, 2030ರ ದಶಕದಲ್ಲಿ ಇಳಿಜಾರು ಸ್ಕೀ ನಿಲ್ಲಿಸಿ ಬೇರೆ ಋತುಗಳ ಚಟುವಟಿಕೆಗೆ ಹೊರಳುವ ಯೋಜನೆ ಬರೆದರು. 2016ರ ಎರಡನೆಯ ಪರ್ವತ ಕಾಯ್ದೆ ಆ ದೇಶದಲ್ಲಿ, ಕೆಲಸ ಶಾಶ್ವತವಾಗಿ ನಿಂತ ಲಿಫ್ಟನ್ನು ಕಳಚಿ ಬೆಟ್ಟವನ್ನು ತೆರವು ಮಾಡಬೇಕೆಂದು ವಿಧಿಸಿದೆ. ಹಾಗಾಗಿ ಅಲ್ಲೀಗ ಹೊಸ ಲಿಫ್ಟಿನ ಅಂದಾಜುಪಟ್ಟಿಯಲ್ಲಿ ಕಟ್ಟುವ ಖರ್ಚಿನ ಜೊತೆ ಕೀಳುವ ಖರ್ಚನ್ನೂ ಎಣಿಸಬೇಕಾಗಿದೆ.