ಊಹೆಯ ಮಾತು, ಪ್ರಮಾಣದ ಮಾತು
(ಆಂಗ್ಲ ಲೇಖಕರ ಒಂದು ರೂಢಿಯ ಚರಿತ್ರೆ)

ಇಂಗ್ಲಿಷಿನ ಶಾಸ್ತ್ರಗ್ರಂಥಗಳನ್ನು ಓದುವಾಗ ಒಂದು ಸಂಗತಿ ನಮ್ಮ ಗಮನಕ್ಕೆ ಬರುತ್ತದೆ. ಮಹಾವಿದ್ವಾಂಸರೆನಿಸಿದವರೂ ತಮ್ಮ ವ್ಯಾಖ್ಯಾನಗಳನ್ನು ‘ಬಹುಶಃ’, ‘ಹೀಗೆ ತೋರುತ್ತದೆ’, ‘ಅಸಂಭವವಲ್ಲ’ ಎಂಬ ಮಾತುಗಳೊಡನೆ ಮುಂದಿಡುತ್ತಾರೆ. ಇದನ್ನು ಅಧೈರ್ಯವೆಂದು ಬಗೆಯಲಾಗದು. ಈ ರೂಢಿಯ ಹಿಂದೆ ಮುನ್ನೂರರವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು.

ಲಂಡನಿನ ರಾಯಲ್ ಸೊಸೈಟಿಯು 1660ರಲ್ಲಿ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲೊಬ್ಬನಾದ ರಾಬರ್ಟ್ ಬಾಯ್ಲನು 1661ರಲ್ಲಿ ಪ್ರಕಟಿಸಿದ ಪ್ರಬಂಧ ಸಂಗ್ರಹದ ಪೀಠಿಕೆಯಲ್ಲಿ ತನ್ನ ಬರವಣಿಗೆಯ ನಿಯಮವನ್ನು ತಾನೇ ವಿವರಿಸಿದ್ದಾನೆ. ಪ್ರಯೋಗದಲ್ಲಿ ಕಂಡದ್ದನ್ನು ನಿಸ್ಸಂದೇಹವಾಗಿ ಹೇಳಬಹುದು. ಅದಕ್ಕೆ ಕೊಡುವ ಕಾರಣವನ್ನು ಸಂದೇಹಸೂಚಕ ಪದಗಳೊಡನೆ ಹೇಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಕಾರಣವು ಮುಂದೆ ಬಿದ್ದುಹೋದರೂ ಕಂಡ ಸಂಗತಿ ಉಳಿಯಬೇಕಷ್ಟೆ.

ಐಸಾಕ್ ನ್ಯೂಟನ್ನನು 1672ರಲ್ಲಿ ಬೆಳಕು ಮತ್ತು ಬಣ್ಣಗಳ ವಿಷಯವಾಗಿ ಬರೆದ ಪತ್ರದಲ್ಲಿ ತನ್ನ ಸಿದ್ಧಾಂತವನ್ನು ಖಚಿತವಾಗಿಯೇ ಸಾರಿದನು. ರಾಬರ್ಟ್ ಹುಕ್ಕನು ಅದನ್ನು ಬರಿಯ ಊಹೆಯೆಂದನು, ವಿವಾದ ಬೆಳೆಯಿತು. 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ನನು ಪ್ರಯೋಗದಿಂದ ಸಾಧಿತವಾಗದ ವಿಚಾರಗಳನ್ನು ಕೊನೆಗೆ ಪ್ರತ್ಯೇಕವಾಗಿರಿಸಿ, 16 ಪ್ರಶ್ನೆಗಳ ರೂಪದಲ್ಲಿ ಕೊಟ್ಟನು. ಮುಂದಿನ ಆವೃತ್ತಿಗಳಲ್ಲಿ ಅವು 31 ಆದವು. ‘ಹೀಗಲ್ಲವೇ?’ ಎಂಬ ಪ್ರಶ್ನೆಯು ಅಭಿಪ್ರಾಯವನ್ನು ಹೇಳಿಯೂ ಮುಂದಿನ ಪರೀಕ್ಷಕನಿಗೆ ಬಾಗಿಲನ್ನು ತೆರೆದಿಡುತ್ತದೆ.

ಈ ಕ್ರಮ ಭಾರತಕ್ಕೂ ಬಂದಿತು. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸನು ಮಾಡಿದ ಭಾಷಣವು ಇದಕ್ಕೆ ಉತ್ತಮ ನಿದರ್ಶನ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದುವೆಂದು ಆತ ದೃಢವಾಗಿ ಹೇಳಿದನು. ಆ ಮೂಲಭಾಷೆ ಈಗ ಉಳಿದಿಲ್ಲವೆಂಬುದಕ್ಕೆ ‘ಬಹುಶಃ’ ಸೇರಿಸಿದನು. ಗಾಥಿಕ್, ಕೆಲ್ಟಿಕ್ ಭಾಷೆಗಳ ವಿಷಯದಲ್ಲಿ ಆಧಾರವು ಅಷ್ಟು ಬಲವಾದುದಲ್ಲವೆಂದನು. ಪ್ರಾಚೀನ ಪಾರಸಿಯನ್ನು ಸೇರಿಸಬಹುದೆಂದನು. ಆಧಾರವೆಷ್ಟೋ ಮಾತಿನ ತೂಕವೂ ಅಷ್ಟೇ!

ನಮ್ಮ ಭಾಷೆಗಳ ಚರಿತ್ರೆಯೂ ಇದೇ ಪಾಠವನ್ನು ಕಲಿಸುತ್ತದೆ. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳು ಸಂಸ್ಕೃತಜನ್ಯವಲ್ಲದ ಒಂದೇ ಕುಟುಂಬದವೆಂದು ಮದರಾಸಿನ ಎಫ್. ಡಬ್ಲ್ಯೂ. ಎಲ್ಲಿಸ್ 1816ರಲ್ಲಿ ತೋರಿಸಿದನು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಹೊರಬಂದಿತು. ಈ ಭಾಷೆಗಳ ಪರಸ್ಪರ ಬಾಂಧವ್ಯದ ವಿವೇಚನೆ ಇಂದಿಗೂ ನಿಂತಿದೆ. ಇವನ್ನು ‘ಸಿಥಿಯನ್’ ಭಾಷೆಗಳೊಡನೆ ಸಂಬಂಧಿಸಿದ ಆತನ ಪ್ರಯತ್ನವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಎರಡೂ ಒಂದೇ ಗ್ರಂಥದಲ್ಲಿವೆ. ಅವುಗಳ ತೂಕವನ್ನು ಬೇರೆಬೇರೆಯಾಗಿ ನೋಡುವುದು ಓದುಗನ ಹೊಣೆ.

ಇಂಥ ತೂಕಕ್ಕೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ‘ಬಂದಿರಬಹುದು’ ಎಂದರೆ ಸಾಧ್ಯತೆ. ‘ಬಂದಿರಬೇಕು’ ಎಂದರೆ ಕುರುಹಿನಿಂದ ಮಾಡಿದ ಅನುಮಾನ. ‘ಬಂದನಂತೆ’ ಎಂದರೆ ಕೇಳಿದ ಮಾತು. ಸ್ಥಳಪುರಾಣವನ್ನು ಬರೆದುಕೊಳ್ಳುವಾಗ ಆ ‘ಅಂತೆ’ಯನ್ನು ಬಿಟ್ಟರೆ ಕೇಳಿಕೆಯೇ ಇತಿಹಾಸವಾಗಿ ಬಿಡುತ್ತದೆ.

ಗಡಿನಾಡಿನ ಸಂಶೋಧಕರು ಇದನ್ನು ವಿಶೇಷವಾಗಿ ನೆನೆಯಬೇಕು. ಒಂದೂರಿನಲ್ಲಿ ಕನ್ನಡ ಶಾಸನವಿದೆ ಎಂಬುದು ಸಂಗತಿ. ಆ ಕಾಲದಲ್ಲಿ ಊರಿನವರೆಲ್ಲರೂ ಕನ್ನಡವನ್ನೇ ಆಡುತ್ತಿದ್ದರು ಎಂಬುದು ವ್ಯಾಖ್ಯಾನ. ಎರಡನ್ನೂ ಒಂದೇ ದನಿಯಲ್ಲಿ ಸಾರಿದರೆ, ವ್ಯಾಖ್ಯಾನವನ್ನು ಖಂಡಿಸಿದವನು ಶಾಸನದ ಸಾಕ್ಷ್ಯವನ್ನೂ ಅಲ್ಲಗಳೆಯಲು ಅವಕಾಶವಾಗುತ್ತದೆ. ಬೇರ್ಪಡಿಸಿ ಹೇಳಿದರೆ, ವ್ಯಾಖ್ಯಾನದ ಮೇಲೆ ಎಷ್ಟು ಚರ್ಚೆ ನಡೆದರೂ ಕಲ್ಲಿನ ಮೇಲಣ ಕನ್ನಡ ಅಲ್ಲಿಯೇ ಇರುತ್ತದೆ.