ಬಾಗಮತೀ ತೀರದ ಪಶುಪತಿನಾಥ

ಊರಿನಲ್ಲಿ ಶವವಿರುವಾಗ ದೇವರ ಪೂಜೆಯನ್ನು ತಡೆದಿಡುವುದು ನಮ್ಮ ಕಡೆಯ ಅನೇಕ ಗ್ರಾಮಗಳ ನಡಾವಳಿ. ಮೃತರ ಜ್ಞಾತಿಗಳು ಸೂತಕ ಕಳೆಯುವವರೆಗೆ ಗುಡಿಯ ಹೊಸ್ತಿಲನ್ನು ದಾಟುವುದಿಲ್ಲ. ಹೀಗಿರಲು, ಗರ್ಭಗುಡಿಯ ಕೂಗಳತೆಯಲ್ಲಿಯೇ ಚಿತೆಗಳುರಿಯುವ ಮಹಾಕ್ಷೇತ್ರವೊಂದುಂಟೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ನೇಪಾಳದ ಕಠ್ಮಂಡು ನಗರದ ಪಶುಪತಿನಾಥನ ಸನ್ನಿಧಿಯೇ ಆ ಕ್ಷೇತ್ರ. ಮರಣದ ಅಶೌಚಕ್ಕೂ ದೇವರ ನಿತ್ಯಪೂಜೆಗೂ ಅಲ್ಲಿ ಹೊಂದಾಣಿಕೆಯಾದ ಬಗೆಯನ್ನು ವಿಚಾರಿಸಿದರೆ, ಅದರಲ್ಲಿ ಕನ್ನಡನಾಡಿಗೂ ಒಂದು ಪಾಲಿರುವುದು ಕಾಣುತ್ತದೆ.

ದೇವಾಲಯವು ಬಾಗಮತೀ ನದಿಯ ಪಶ್ಚಿಮ ತೀರದಲ್ಲಿದೆ. ಈಗಿನ ಕಟ್ಟಡವು ೧೭ನೆಯ ಶತಮಾನದ ಕೊನೆಯ ಭಾಗದ್ದು. ಚಿನ್ನದ ಮುಲಾಮಿನ ಎರಡಂತಸ್ತಿನ ಮಾಡು, ನಾಲ್ಕು ದಿಕ್ಕಿಗೂ ಬೆಳ್ಳಿಯ ಬಾಗಿಲು, ಒಳಗೆ ಚತುರ್ಮುಖಲಿಂಗ. ಹಿಂದೂಗಳಲ್ಲದವರು ಒಳಗೆ ಹೋಗುವಂತಿಲ್ಲ. ಅವರು ಎದುರಿನ ದಡದಿಂದಲೇ ನೋಡಬೇಕು.

ಗುಡಿಯ ಕೆಳಗೆ ಆರ್ಯಘಟ್ಟ, ಸೇತುವೆಯಿಂದಾಚೆ ಭಸ್ಮೇಶ್ವರಘಟ್ಟ. ಮೊದಲನೆಯದು ಬಹುಕಾಲ ಅರಸುಮನೆತನಕ್ಕೂ ಕುಲೀನರಿಗೂ, ಎರಡನೆಯದು ಸಾಮಾನ್ಯ ಜನಕ್ಕೂ ಮೀಸಲಾಗಿದ್ದಿತು. ಆರ್ಯಘಟ್ಟದಲ್ಲಿ ಬ್ರಹ್ಮನಾಲವೆಂಬ ಇಳಿಜಾರಾದ ಶಿಲೆಯೊಂದಿದೆ. ಅಲ್ಲಿ ದೇಹವನ್ನು ಮಲಗಿಸಿ, ಪಾದಗಳಿಗೆ ನದಿಯ ನೀರು ಸೋಕುವಂತೆ ಮಾಡಿ, ಬಾಯಿಗೆ ತೀರ್ಥವನ್ನು ಬಿಡುವರು. ಬಳಿಕ ಮಗನು ಚಿತೆಗೆ ಪ್ರದಕ್ಷಿಣೆ ಬಂದು ಬಾಯಿಯ ಬಳಿ ಅಗ್ನಿಸ್ಪರ್ಶ ಮಾಡುವನು. ಬೂದಿಯು ನದಿಯ ಪಾಲಾಗುವುದು. ಕರ್ತೃವು ತಲೆ ಬೋಳಿಸಿ, ಬಿಳಿಯ ವಸ್ತ್ರ ಧರಿಸಿ, ೧೩ ದಿನಗಳ ವ್ರತವನ್ನು ಹಿಡಿಯುವನು. ೨೦೧೬ರಲ್ಲಿ ಸಮೀಪದಲ್ಲಿ ವಿದ್ಯುತ್ ಚಿತಾಗಾರವು ಆರಂಭವಾದರೂ ಸೌದೆಯ ಚಿತೆಗಳು ನಿಂತಿಲ್ಲ.

ಇನ್ನು ಪೂಜೆಯ ವಿಷಯ. ಲಿಂಗವನ್ನು ಮುಟ್ಟುವ ಅಧಿಕಾರವು ಭಟ್ಟರೆಂಬ ದಾಕ್ಷಿಣಾತ್ಯ ಬ್ರಾಹ್ಮಣರಿಗೆ ಮಾತ್ರ. ಇವರು ಬಹುಮಟ್ಟಿಗೆ ಕರ್ನಾಟಕದವರು. ಸ್ಥಳೀಯರಾದ ಭಂಡಾರಿಗಳು ಸಹಾಯಕರು. ಈ ಪದ್ಧತಿಯನ್ನು ಶಂಕರಾಚಾರ್ಯರು ಏರ್ಪಡಿಸಿದರೆಂದು ಕೆಲವರೂ, ೧೫ನೆಯ ಶತಮಾನದ ಯಕ್ಷಮಲ್ಲನ ಕಾಲದ್ದೆಂದು ಕೆಲವರೂ ಹೇಳುವರು. ಇದಕ್ಕೆ ಕೊಡುವ ಕಾರಣವು ಗಮನಾರ್ಹವಾಗಿದೆ: ಅರಸನು ಪ್ರಜೆಗಳಿಗೆ ತಂದೆ, ಅವನು ತೀರಿಕೊಂಡರೆ ದೇಶಕ್ಕೆಲ್ಲ ಸೂತಕ. ಆಗ ದೇವರ ಪೂಜೆ ತಪ್ಪಬಾರದಾದರೆ ಅರ್ಚಕನು ಆ ಅರಸನ ಪ್ರಜೆಯಾಗಿರಬಾರದು. ಹೀಗೆ, ಕೆಳಗಿನ ಘಟ್ಟದ ಮರಣಧರ್ಮವೇ ಮೇಲಿನ ಗುಡಿಯ ಅರ್ಚಕರನ್ನು ದೂರದೇಶದಿಂದ ಕರೆಸಿತೆನ್ನಬಹುದು.

೨೦೦೧ರ ಜೂನ್ ೧ರಂದು ಅರಮನೆಯಲ್ಲಿ ಕೊಲೆಯಾದ ಬೀರೇಂದ್ರ ಮಹಾರಾಜರ ದೇಹವು ಮರುದಿನ ಆರ್ಯಘಟ್ಟದಲ್ಲಿಯೇ ದಹಿಸಲ್ಪಟ್ಟಿತು. ೨೦೦೮ರ ಮೇ ತಿಂಗಳಲ್ಲಿ ಅರಸೊತ್ತಿಗೆಯೇ ಕೊನೆಗೊಂಡಿತು. ಅರಸನಿಲ್ಲದ ಮೇಲೆ ಹೊರನಾಡಿನ ಅರ್ಚಕರೇಕೆ ಎಂಬ ಪ್ರಶ್ನೆ ಏಳುವುದು ಸಹಜವೇ. ಆ ವರ್ಷದ ಕೊನೆಗೆ ಸರಕಾರವು ನೇಪಾಳಿ ಅರ್ಚಕರನ್ನು ನೇಮಿಸಿತು. ಭಂಡಾರಿಗಳೂ ಭಕ್ತರೂ ಪ್ರತಿಭಟಿಸಿದರು. ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನಿತ್ತಿತು. ೨೦೦೯ರ ಜನವರಿಯಲ್ಲಿ ಹಳೆಯ ಭಟ್ಟರು ಮರಳಿದರು. ಆದರೂ ಅದೇ ವರ್ಷ ಸೆಪ್ಟೆಂಬರಿನಲ್ಲಿ, ಹೊಸದಾಗಿ ಬಂದ ಇಬ್ಬರು ಕರ್ನಾಟಕದ ಅರ್ಚಕರು ಹಲ್ಲೆಗೆ ಗುರಿಯಾದರು.

ನೇಪಾಳಿಗಳ ಸ್ವಾಭಿಮಾನವನ್ನು ನಾವು ಹಗುರಾಗಿ ಕಾಣಲಾಗದು. ತಮ್ಮ ದೇವರನ್ನು ತಾವೇ ಮುಟ್ಟಬೇಕೆಂಬ ಆಸೆ ಅನ್ಯಾಯದ್ದಲ್ಲ. ಆದರೆ ಪರದೇಶದ ಅರ್ಚಕರಿಗಾಗಿ ಬೀದಿಗಿಳಿದವರಲ್ಲಿ ನೇಪಾಳಿಗಳೂ ಇದ್ದರೆಂಬುದನ್ನು ಮರೆಯಬಾರದು. ಅರಸನ ಸೂತಕಕ್ಕಾಗಿ ಹುಟ್ಟಿದ ಏರ್ಪಾಡು ಅರಸನು ಹೋದ ಮೇಲೂ ಉಳಿಯಿತು. ಶತಮಾನಗಳ ಸೇವೆಯಿಂದ ಬೆಳೆದ ವಿಶ್ವಾಸವು ಅದರ ಮೂಲಕಾರಣಕ್ಕಿಂತ ಬಲವಾದುದೆಂದು ತೋರುತ್ತದೆ.