ಆಡಲು ಬಾರದವನ ಎದುರು

ಧರ್ಮರಾಯನಿಗೆ ಜೂಜೆಂದರೆ ಪ್ರೀತಿ, ಆಡಲು ಮಾತ್ರ ಬಾರದು. ವ್ಯಾಸಭಾರತದ ಶಕುನಿ ದುರ್ಯೋಧನನಿಗೆ ಧೈರ್ಯ ತುಂಬುವುದು ಇದನ್ನೇ ಹೇಳಿ. ಆನ್‌ಲೈನ್ ಪೋಕರ್‌ನಲ್ಲಿ ಪಳಗಿದವರ ಲೆಕ್ಕವೂ ಇದೇ: ಕೆಟ್ಟ ಎಲೆ ಬಂದರೂ ಆಟ ಬಿಡದವನ ಮೇಜು ಹುಡುಕಬೇಕು, ಒಳ್ಳೆಯ ಎಲೆಗೆ ಕಾಯಬೇಕು, ಬಂದಾಗ ದೊಡ್ಡದಾಗಿ ಕಟ್ಟಬೇಕು. ಅವನ ಮುಂದೆ ಬ್ಲಫ್ ದಂಡ. ಅವನು ಹೆದರುವುದೇ ಇಲ್ಲವಲ್ಲ! ಯಾರು ಗೆದ್ದರೂ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ.

2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇದು ಅದೃಷ್ಟವಲ್ಲ, ಕೌಶಲ ಎಂದು ಕಂಪನಿಗಳು ವಾದಿಸಿದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆದರೆ ಕೌಶಲವೆಂದರೆ ಬಲ್ಲವನು ಬಾರದವನನ್ನು ಮತ್ತೆ ಮತ್ತೆ ಸೋಲಿಸುವುದು ತಾನೆ? ಆ ಸೋಲುವವನು ಯಾವ ಕಡೆಯ ಕಕ್ಷಿದಾರನೂ ಆಗಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟದ ಭೇದವನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳಿಗೆ ದೇಶದುದ್ದಕ್ಕೂ ಬಾಗಿಲು ಹಾಕಿತು.